ಲಾರಿ, ಲಿರಾ

ಬಾತೂಮಿಯಲ್ಲಿ ಲಾರಿ ಎಂದರೆ
ಹೊರೆ ಹೊರುವ ಗಾಡಿಯಲ್ಲ, ದುಡ್ಡು.
ತಿಂಗಳ ಕೊನೆಗೆ ಅದೂ ಕೆಟ್ಟು ನಿಲ್ಲುತ್ತದೆ.
ಗಡಿ ದಾಟಿದರೆ ಲಿರಾ.
ಇಳಿಯೂ ಗುಡಿಸೂ ಜಾಗ ಬದಲಿಸಿಕೊಂಡಿವೆ, ಅಷ್ಟೇ;
ಕಾಗುಣಿತ ಕಮಿಷನ್ ಕೇಳುವುದಿಲ್ಲ.

ನಾಜಿಬ್ರೋಲಾ ಕೇಳುತ್ತಾಳೆ. ಅವಳ ಕೆಲಸ ಅದು.
ಮೀನುಪೇಟೆಯ ಬದಿ, ಔಷಧಿ ಅಂಗಡಿಗೂ ಚಪ್ಪಲಿ ಹೊಲಿಯುವವನಿಗೂ ನಡುವೆ
ಕಪಾಟಿನಷ್ಟು ಗೂಡು, ದಪ್ಪ ಗಾಜು, ಗಾಜಿನಡಿ ಒಂದು ತೂತು.
ಹತ್ತೊಂಬತ್ತು ವರ್ಷದಿಂದ ಅವಳು ಕಂಡದ್ದು ಕೈಗಳನ್ನೇ:
ಆಚೆ ಚಹಾ ಕೀಳಲು ಹೋಗುವ ಹೆಂಗಸರ ಕರಿಬೆರಳು,
ಜೂಜುಮನೆಗೆ ಬಂದವರದು (ಹೋಗುವಾಗ ಉಂಗುರವಿತ್ತು),
ಮೊದಲ ಸಲ ಹೊರಟ ಹುಡುಗನದು,
ಕೊಟ್ಟ ಮೇಲೂ ನೋಟು ಬಿಡದ್ದು.

ಅಂಥವನಿಗೆ ಗಾಜಿನ ತೂತಿಗೆ ಬಾಯಿಟ್ಟು ಹೇಳುತ್ತಾಳೆ,
ಮಾಲೀಕ ಟೆಂಗಿಜ್‌ಗೆ ಕೇಳಿಸದ ಹಾಗೆ:
"ಎಲ್ಲ ಇಲ್ಲೇ ಬದಲಿಸಬೇಡ ಮಗೂ, ಬಸ್ಸಿಗಾಗುವಷ್ಟು ಸಾಕು.
ಗೇಟಿನ ಹತ್ತಿರವಂತೂ ಬೇಡ,
ಅಲ್ಲಿ ಕೂತವನಿಗೆ ನಿನ್ನ ಅವಸರ ಗೊತ್ತು.
'ಕಮಿಷನ್ ಇಲ್ಲ' ಅಂತ ಎಷ್ಟು ದಪ್ಪಗೆ ಬರೆದಿದೆಯೋ
ಅಷ್ಟು ಜೋರಾಗಿ ಓಡು.
ಕೊಳ್ಳುವ ದರ, ಮಾರುವ ದರ, ಎರಡೂ ನೋಡು;
ಆ ಎರಡರ ಸಂದಿಯಲ್ಲೇ
ನಮ್ಮ ಟೆಂಗಿಜ್ ಎರಡಂತಸ್ತು ಎಬ್ಬಿಸಿದ್ದು.
ದರ ಇಳಿ ಅನ್ನುತ್ತದೆ, ಅವನು ಗುಡಿಸುತ್ತಾನೆ.
ಕಾರ್ಡು ತೂರಿಸಿದರೆ ಯಂತ್ರ ನಯವಾಗಿ ಕೇಳುತ್ತದೆ,
ನಿಮ್ಮ ದುಡ್ಡಿನಲ್ಲೇ ಲೆಕ್ಕ ಹಾಕಲೇ, ಅಂತ.
ಬೇಡ ಅನ್ನು.
ಅವರೂರಲ್ಲಿ ಅವರ ಸೇರಿನಲ್ಲೇ ಅಳೆಸಿಕೊ."

ಇಷ್ಟು ಬುದ್ಧಿ ಹೇಳುವವಳು
ಒಮ್ಮೆಯೂ ಗಡಿ ದಾಟಿದವಳಲ್ಲ.

ಅವಳಜ್ಜಿ ಸಾರ್ಪಿಯವಳು.
ಊರ ನಡುವೆ ತಂತಿ ಎಳೆದ ವರ್ಷ
ಅಕ್ಕ ಆಚೆ ಉಳಿದಳು, ಒಲೆಯ ಮೇಲಿನ ಪಾತ್ರೆ ಈಚೆ.
ಮಾತಾಡಿದರೆ ಬಂದೂಕು ತಿರುಗುತ್ತಿತ್ತು.
ಜೋಳದ ಹೊಲದಲ್ಲಿ ಕಳೆ ಕೀಳುತ್ತ ಹಾಡಿನೊಳಗೆ ಸುದ್ದಿ ಸೇರಿಸಿ
ಗಟ್ಟಿಯಾಗಿ ಹಾಡುವುದು:
ಯಾರು ಹೆತ್ತರು, ಯಾರನ್ನು ಹೂತರು.
ಆ ದರವನ್ನು ಯಾವ ಹಲಗೆಯ ಮೇಲೂ ಬರೆದಿರಲಿಲ್ಲ.
ಬಾಗಿಲು ತೆರೆದು ಮೂವತ್ತು ಚಿಲ್ಲರೆ ವರ್ಷವಾಯಿತು,
ಅಷ್ಟರಲ್ಲಿ ಅಜ್ಜಿ ಇರಲಿಲ್ಲ,
ಮೊಮ್ಮಗಳಿಗೆ ರಜೆ ಇರಲಿಲ್ಲ.

ಮೊನ್ನೆ ಆ ಅಕ್ಕನ ಮೊಮ್ಮಗಳು ಹವ್ವಾ ಫೋನು ಮಾಡಿದಳು.
ಮಗಳ ಮದುವೆ, ಹೋಪಾದಲ್ಲಿ. ಬಾ.

ತನ್ನ ಗೂಡಿನಲ್ಲಿ ಅವಳು ಒಂದು ನೋಟನ್ನೂ ಬದಲಿಸಲಿಲ್ಲ.
ಟೆಂಗಿಜ್‌ನ ದರ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?
ಗೇಟಿನ ಬಳಿ ತಲೆ ಎತ್ತದೆ ನಡೆದಳು.
ಹೋಪಾದ ಪೇಟೆಯಲ್ಲಿ ಐದು ಅಂಗಡಿ ಸುತ್ತಿ
ಆರನೆಯದರ ಗಾಜಿನಡಿ ಕೈ ತೂರಿಸಿದಳು.
ತೂರಿಸಿ ನೋಡಿದಳು:
ಹೆಬ್ಬೆರಳಿಗೆ ನೋಟಿನ ಬಣ್ಣ, ತೋರುಬೆರಳಲ್ಲಿ ರಬ್ಬರಿನ ಗುರುತು.
ಇದು ಯಾರ ಕೈ?
ಆಚೆ ಕೂತವಳು ಮುಖ ಎತ್ತಲಿಲ್ಲ, ಎಣಿಸುತ್ತಿದ್ದಳು.
ನಾಜಿಬ್ರೋಲಾ ಬಗ್ಗಿದಳು, ತೂತಿನ ಮಟ್ಟಕ್ಕೆ,
ಸೊಂಟ ಚುಳುಕ್ ಎಂದರೂ ಬಗ್ಗಿಯೇ ಇದ್ದಳು,
ಅವಳು ನೋಡುವ ತನಕ.

ಅರ್ಧವನ್ನಷ್ಟೇ ಬದಲಿಸಿದಳು.
ಉಳಿದರ್ಧ ರಾತ್ರಿ, ಡೋಲು ನಿಂತ ಹೊತ್ತಿನಲ್ಲಿ,
ಮದುಮಗಳ ಕೆಂಪು ಪಟ್ಟಿಗೆ ಒಂದೊಂದಾಗಿ
ಪಿನ್ನು ಚುಚ್ಚಿ ಅಂಟಿಸಿದಳು:
ಲಿರಾಗಳ ನಡುವೆ ಲಾರಿ,
ಗರಿಗರಿಯಾದ ನೋಟು,
ಆ ಕಡೆಯ ಅಕ್ಷರ ಯಾರೂ ಓದಲಾಗದ್ದು.

ಹವ್ವಾ ಅತ್ತಳು.
ಅವಳ ಹಿಂದೆ ನಿಂತಿದ್ದ ಚಿಕ್ಕಪ್ಪ
ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು,
ಇವತ್ತಿನ ದರ ಎಷ್ಟೆಂದು
ಮೆಲ್ಲಗೆ ನೋಡುತ್ತಿದ್ದ.